ಆಕಿಗೆ ಎಂಬ ಒಂದು ಶಬ್ದ

ಸುಜಾತಾ ಹೆದರಿರಲಿಲ್ಲ. ಹೆದರಿದಳು ಎಂದು ಹೇಳಿದವನು ನಾನು. ಅದು ಸುಳ್ಳೆಂದು ಗೊತ್ತಿದ್ದೇ ಹೇಳಿದೆ.

ಹುಬ್ಬಳ್ಳಿ-ಧಾರವಾಡದಲ್ಲಿ ಸಂಗೀತದ ಗಾಳಿ ತಾಗಿದವರಿಗೆ ಈ ಕಥೆ ಒಂದಲ್ಲ ಒಂದು ರೂಪದಲ್ಲಿ ಗೊತ್ತಿದೆ. ವಿಲ್ಸನ್ ಸರ್ ಅವರ ಮೂರನೆಯ ಕ್ವಾರ್ಟೆಟ್ ನಡೆದ ದಿನ ಎರಡನೆಯ ವಯೊಲಿನ್ ಬಾರಿಸುವವಳ ಕೈ ನಡುಗಿತು, ತನ್ನ ಪಾಳಿ ಬಂದಾಗ ಬಾರಿಸಲಾಗದೆ ಕೂತಳು, ಉಳಿದವರು ಹೇಗೋ ಸಂಭಾಳಿಸಿಕೊಂಡು ಮುಂದೆ ಹೋದರು — ಹೀಗೆ. ಸಂಭಾಳಿಸಿದವರು ಎಂದರೆ ನಾನು. ಮದುವೆಮನೆಗಳಲ್ಲಿ, ಕಾರ್ಯಕ್ರಮ ಮುಗಿದ ಮೇಲೆ ಚಹಾ ಕುಡಿಯುತ್ತ, ನನ್ನ ಬಾಯಿಂದಲೇ ಇದನ್ನು ಕೇಳಿದವರು ಬಹಳ ಮಂದಿ ಇದ್ದಾರೆ. ಕೇಳಿದವರು ಇನ್ನೊಬ್ಬರಿಗೆ ಹೇಳಿದ್ದಾರೆ. ಅವರೆಲ್ಲ ಇದನ್ನು ಓದಲಿ ಎಂದು ಬರೆಯುತ್ತಿದ್ದೇನೆ.

ನಾನು ಮಾಳಮಡ್ಡಿಯವನು. ನನ್ನ ತಂದೆ ಹಾಡುತ್ತಿದ್ದರು, ಅವರ ತಂದೆಯೂ ಹಾಡುತ್ತಿದ್ದರು. ನನ್ನ ಗಂಟಲು ಕೈಕೊಟ್ಟದ್ದರಿಂದ ನನಗೆ ವಯೊಲಿನ್ ಹಿಡಿಸಿದರು. ನೆಲದ ಮೇಲೆ ಕೂತು, ಕಣ್ಣು ಮುಚ್ಚಿ, ಒಂದು ರಾಗವನ್ನು ಮುಕ್ಕಾಲು ತಾಸು ಎಳೆಯಲು ಬರುತ್ತದೆ. ಊರಲ್ಲಿ ಒಂದಿಷ್ಟು ಹೆಸರಿದೆ. ಆ ಹೆಸರಿಗಿಂತ ಒಂದು ಅಳತೆ ಹೆಚ್ಚಿನ ಸೊಕ್ಕೂ ಇದೆ. ಇತ್ತು ಎಂದು ಬರೆಯಲು ಹೋದೆ — ಬೇಡ, ಇದೆ.

ವಿಲ್ಸನ್ ಸರ್ ಹುಬ್ಬಳ್ಳಿಯ ರೈಲ್ವೆ ಕಾಲನಿಯಲ್ಲಿ ಬೆಳೆದವರು. ಅವರ ತಂದೆ ಹಗಲಲ್ಲಿ ವರ್ಕ್‌ಶಾಪಿನಲ್ಲಿ ಫಿಟರ್, ಶನಿವಾರ ಸಂಜೆ ರೈಲ್ವೆಯವರ ಡಾನ್ಸಿಗೆ ಸ್ಯಾಕ್ಸೊಫೋನ್ ಬಾರಿಸುವವರು. ಮಗ ಎಳೆಯ ವಯಸ್ಸಿನಲ್ಲೇ ಮುಂಬೈಗೆ ಹೋಗಿ ಹೋಟೆಲುಗಳ ಜಾಝ್ ಬ್ಯಾಂಡುಗಳಲ್ಲಿ ಆಳೆತ್ತರದ ಬಾಸ್ ಹಿಡಿದು ನಿಂತರು. ಹೋಟೆಲಿನವರು ಬ್ಯಾಂಡು ತೆಗೆದುಹಾಕಿದ ಮೇಲೆ ತಿರುಗಿ ಬಂದು, ದೇಶಪಾಂಡೆ ನಗರದಲ್ಲಿ ಒಂದು ಮಾಳಿಗೆಯ ಮನೆ ಹಿಡಿದು, ಯಾರೂ ಕೇಳದಿದ್ದರೂ ಸ್ಟ್ರಿಂಗ್ ಕ್ವಾರ್ಟೆಟ್ ಬರೆಯಲು ಕೂತರು. ಎರಡು ವಯೊಲಿನ್, ಅದಕ್ಕಿಂತ ತುಸು ದೊಡ್ಡದಾದ ಒಂದು ವಿಯೋಲಾ, ಕಾಲ ನಡುವೆ ಇಟ್ಟು ಬಾರಿಸುವ ಚೆಲ್ಲೊ — ಈ ನಾಲ್ಕಕ್ಕೆ ಬರೆದ ಸಂಗೀತ ಅದು. ಹೆಸರು ವಿಲಾಯತಿಯದು, ಒಳಗಿನ ಸಪ್ಪಳವೆಲ್ಲ ಹುಬ್ಬಳ್ಳಿಯದು. ಮೊದಲ ಸಲ ಕೇಳಿದ ನನ್ನ ಹೆಂಡತಿ ತಾಲೀಮಿನ ನಡುವೆಯೇ ಕೇಳಿದ್ದಳು:

"ಇನ್ನೂ ಶ್ರುತಿ ಹಚ್ಚಾಕತ್ತೀರೋ, ಸುರು ಆಗೇದೋ?"

ನನಗೂ ಮೊದಮೊದಲು ಹಾಗೇ ಅನಿಸಿತ್ತು. ಆದರೂ ಹೋದೆ. ಯಾಕೆಂದರೆ ಆ ಮನುಷ್ಯ ಒಂದು ಸ್ವರವನ್ನು ಎಲ್ಲಿಡಬೇಕು ಎಂದು ಯೋಚಿಸುವ ರೀತಿಯನ್ನು ನಾನು ಅದುವರೆಗೆ ಕಂಡಿರಲಿಲ್ಲ. ಮತ್ತೆ — ಮೊದಲನೆಯ ವಯೊಲಿನ್ ನನಗೇ ಎಂದಿದ್ದರು.

ನಾಲ್ವರಲ್ಲಿ ವಿಯೋಲಾ ಮಂಜುನಾಥ, ಚೆಲ್ಲೊ ಅಜಿತ. ಇಬ್ಬರೂ ನನಗಿಂತ ಬಹಳ ಚಿಕ್ಕವರು. ಎರಡನೆಯ ವಯೊಲಿನ್ ಸುಜಾತಾ. ಬೈರಿದೇವರಕೊಪ್ಪದವರು, ಸರಕಾರಿ ಶಾಲೆಯ ಶಿಕ್ಷಕಿ. ಚಿಕ್ಕಂದಿನಲ್ಲಿ ಹುಬ್ಬಳ್ಳಿಯ ಒಂದು ಚರ್ಚಿನ ಕ್ಲಾಸಿನಲ್ಲಿ ಪಾಶ್ಚಾತ್ಯ ಸ್ವರಲಿಪಿ ಕಲಿತು, ದೊಡ್ಡವರಾದ ಮೇಲೆ ಧಾರವಾಡಕ್ಕೆ ಬಂದು ನಮ್ಮ ಸಂಗೀತ ಕಲಿತವರು. ನನ್ನನ್ನು ಮೊದಲ ದಿನದಿಂದಲೂ 'ಅಣ್ಣಾರ' ಎಂದು ಕರೆದರು. ಮಂಜುನಾಥನಿಗೂ ಅಜಿತನಿಗೂ ನಾನು ಮಾತಿಗೊಮ್ಮೆ 'ರೀ' ಹಚ್ಚುತ್ತಿದ್ದೆ. ಸುಜಾತಾಗೆ ಮಾತ್ರ 'ನೀ'. ಅಣ್ಣ ಎಂದು ಕರೆದವರ ಮೇಲೆ ಸಲಿಗೆ ಅಂದುಕೊಂಡಿದ್ದೆ. ನಮ್ಮ ಕಾಕು, ಅಂದರೆ ಚಿಕ್ಕಪ್ಪನ ಹೆಂಡತಿ, ಒಮ್ಮೆ ನಮ್ಮ ನಾಲ್ವರ ಫೋಟೊ ನೋಡಿ, "ಈಕಿ ಯಾರ ಪೈಕಿ?" ಎಂದು ಜಾತಿ ಕೇಳಿದರು. "ಬೌದ್ಧರು" ಎಂದೆ. "ಹಾಂ ಹಾಂ" ಎಂದು ಕಾಕು ಫೋಟೊ ಕೆಳಗಿಟ್ಟರು. ನಾನು ಅದಕ್ಕೊಂದು ಮಾತು ಹೇಳಬಹುದಿತ್ತು. ನಕ್ಕು ಸುಮ್ಮನಾದೆ.

ಇಷ್ಟು ಹೇಳದೆ ಮುಂದಿನದನ್ನು ಹೇಳಿದರೆ ಅರ್ಧ ಹೇಳಿದಂತಾಗುತ್ತದೆ.

ಮೂರನೆಯ ಕ್ವಾರ್ಟೆಟ್ಟಿಗೆ ಸರ್ ಇಟ್ಟ ಹೆಸರು 'ಶಂಟಿಂಗ್'. ಯಾರ್ಡಿನಲ್ಲಿ ಡಬ್ಬಿಗಳನ್ನು ಕೂಡಿಸುತ್ತ, ಬಿಡಿಸುತ್ತ, ಇಂಜಿನ್ನು ಹಿಂದೆ ಮುಂದೆ ಓಡಾಡುತ್ತದಲ್ಲ — ನಾಲ್ಕು ವಾದ್ಯಗಳೂ ಹಾಗೆಯೇ ಒಂದಕ್ಕೊಂದು ಬಡಿದು, ಕೂಡಿ, ಬಿಟ್ಟು ಹೋಗುತ್ತವೆ. ನಡುವೆ ಒಂದು ಕಡೆ ಮೂರು ವಾದ್ಯ ಒಂದೇ ಸ್ವರಸಮೂಹವನ್ನು ಮೆಲ್ಲಗೆ ಹಿಡಿದು ನಿಲ್ಲಬೇಕು. ನಾಲ್ಕನೆಯವರಿಗೆ ಅಲ್ಲಿ ಏನೂ ಬರೆದಿರಲಿಲ್ಲ. ತೋಚಿದ್ದನ್ನು ತೋಚಿದಷ್ಟು ಹೊತ್ತು ಬಾರಿಸಿ, ತಲೆಯಾಡಿಸಿದರೆ ಉಳಿದವರು ಮುಂದೆ ಹೋಗಬೇಕು.

ಆ ನಾಲ್ಕನೆಯವರು ನಾನೇ ಎಂದು ಯಾವ ಅನುಮಾನವೂ ಇಲ್ಲದೆ ಕೂತಿದ್ದೆ. ಸ್ಥಳದಲ್ಲೇ ಹೊಸದು ಕಟ್ಟುವುದು ನಮ್ಮ ಮನೆಯ ಮೂರು ತಲೆಮಾರಿನ ಅಡುಗೆ. ಸರ್ ಬೆರಳು ತೋರಿಸಿದ್ದು ಸುಜಾತಾ ಕಡೆಗೆ.

"ಜಾಝ್‌ನ್ಯಾಗ ಎಲ್ಲಾರಿಗೂ ಒಂದ್ ಪಾಳಿ ಬರ್ತದ," ಎಂದರು. "ನಾ ಬಾಸ್ ಹಿಡಕೊಂಡು ಎಷ್ಟೋ ವರ್ಷ ಹಿಂದ ನಿಂತೇನಿ. ಒಂದ್ ದಿನಾ ನಮ್ಮ ಬ್ಯಾಂಡಿನವರು ಎಲ್ಲಾರೂ ಕೈ ತಗದು ನನ್ನ ಕಡೆ ನೋಡಿದ್ರು. ಅವತ್ತ ನನಗ ಗೊತ್ತಾತು ನನ್ನ ಕಡೆ ಏನೈತಿ ಅಂತ. ಎರಡನೇ ವಯೊಲಿನ್‌ದವರು ಯಾವಾಗ್ಲೂ ಇನ್ನೊಬ್ಬರಿಗೆ ಸಾಥ್ ಕೊಟ್ಟೇ ಹೋಗ್ತಾರ. ಇಲ್ಲೆ ಆಕೀ ಪಾಳಿ."

ಆ ಭಾನುವಾರದ ತಾಲೀಮಿನಲ್ಲಿ ಸುಜಾತಾ ಬಾರಿಸಿದ್ದನ್ನು ಹೇಗೆ ಬರೆಯಲಿ. ಕಮಾನನ್ನು ಕೆಳತಂತಿಯ ಮೇಲೆ ಒತ್ತಿ ಹಿಡಿದರು — ಗಾಡಿ ನಿಲ್ಲುವಾಗ ಗಾಲಿ ತಿಕ್ಕುವ ಸಪ್ಪಳ ಬಂತು. ನನಗೆ ನಗು ಬಂತು. ಆಮೇಲೆ ಒತ್ತುವುದನ್ನು ಸಣ್ಣಗೆ ಮಾಡುತ್ತ ಮಾಡುತ್ತ ಹೋದರು. ಆ ಒರಟಿನೊಳಗಿಂದ ಜೋಗುಳದಂಥ ಒಂದು ಧಾಟಿ ಹೊರಟಿತು. ಮಗು ಮಲಗಿದ ಮೇಲೂ ನಿದ್ದೆಗಣ್ಣಿನಲ್ಲಿ ತಾಯಿ ಗುನುಗುತ್ತಾಳಲ್ಲ, ಅಂಥದ್ದು. ಎಲ್ಲಿಯೂ ನಿಲ್ಲದೆ, ಯಾವ ರಾಗದ ಮನೆಗೂ ಹೋಗದೆ, ಮೂರು ವಾದ್ಯಗಳ ನಡುವೆ ದಾರಿ ಮಾಡಿಕೊಂಡು ಹೋಯಿತು. ಮುಗಿದ ಮೇಲೆ ಅಜಿತ ಕಣ್ಣೊರೆಸಿಕೊಂಡ. ಸರ್ ಎದ್ದು ಹೋಗಿ ತಾವೇ ಎಲ್ಲರಿಗೂ ಚಹಾ ಮಾಡಿ ತಂದರು.

ನಾನು ಮನೆಗೆ ಬಂದು ಬಾಗಿಲು ಹಾಕಿಕೊಂಡು ಅದೇ ಜಾಗವನ್ನು ಬಾರಿಸಿ ನೋಡಿದೆ. ಏನು ಬಾರಿಸಿದರೂ ಅದು ಭೀಮಪಲಾಸ ಆಗುತ್ತಿತ್ತು. ಅದನ್ನು ತಪ್ಪಿಸಿದರೆ ಭೈರವಿ. ಅದನ್ನೂ ತಪ್ಪಿಸಿದರೆ ಬರೀ ಬೇಸೂರು. ಮಾರನೆಯ ದಿನವೂ ಬಾರಿಸಿದೆ, ಅದರ ಮಾರನೆಯ ದಿನವೂ. ನನಗೆ ಕಲಿಸಿದ್ದನ್ನೆಲ್ಲ ಬಿಟ್ಟರೆ ನನ್ನದು ಎಂಬುದೇನೂ ನನ್ನ ಬಳಿ — ಈ ವಾಕ್ಯವನ್ನು ಆಗ ಮುಗಿಸಿರಲಿಲ್ಲ, ಈಗಲೂ ಮುಗಿಸಲು ಕಷ್ಟವಾಗುತ್ತಿದೆ.

ಹೊಟ್ಟೆಕಿಚ್ಚು. ಬೇರೆ ಹೆಸರಿಲ್ಲ. ಅದೇ ಪಾಳಿಯನ್ನು ಸರ್ ಮಂಜುನಾಥನಿಗೋ ಅಜಿತನಿಗೋ ಕೊಟ್ಟಿದ್ದರೆ ಉರಿಯುತ್ತಿರಲಿಲ್ಲವೇ? ಉರಿಯುತ್ತಿತ್ತು. ಇಷ್ಟು ಉರಿಯುತ್ತಿರಲಿಲ್ಲ. ಈ 'ಇಷ್ಟು' ಎಲ್ಲಿಂದ ಬಂತು ಎಂದು ಓದುವವರು ಕೇಳಿಕೊಂಡರೆ, ಕಾಕು ಫೋಟೊ ಕೆಳಗಿಟ್ಟಾಗ ನಾನು ನಕ್ಕೆನಲ್ಲ, ಅಲ್ಲಿಂದ.

ಕಾರ್ಯಕ್ರಮ ಧಾರವಾಡದ ಒಂದು ಸಣ್ಣ ಸಭಾಂಗಣದಲ್ಲಿತ್ತು. ಮುಂಬೈಯಿಂದ ಸರ್ ಅವರ ಹಳೆಯ ಗೆಳೆಯರೊಬ್ಬರು ಧ್ವನಿಮುದ್ರಣ ಮಾಡಿಕೊಳ್ಳಲು ಬಂದಿದ್ದರು. ಹಿಂದಿನ ದಿನದ ತಾಲೀಮಿಗೆ ಸರ್ ಬರಲಿಲ್ಲ. ತಲೆ ತಿರುಗುತ್ತಿತ್ತು, ಡಾಕ್ಟರು ಮಲಗಿರಿ ಎಂದಿದ್ದರು. ಸುಜಾತಾ ಆ ಭಾಗವನ್ನು ಒಂದೊಂದು ಸಲ ಒಂದೊಂದು ಅಳತೆಯಲ್ಲಿ ಬಾರಿಸುತ್ತಿದ್ದರು. ಒಟ್ಟು ಎಷ್ಟು ಹೊತ್ತಾಗುತ್ತದೆ ಎಂದು ಧ್ವನಿಮುದ್ರಣಕ್ಕೆ ಬಂದವರು ಕೇಳಿದರು. ಕೇಳುವುದು ತಪ್ಪಲ್ಲ. ಸರ್‌ಗೆ ಫೋನ್ ಮಾಡುತ್ತೇನೆಂದು ನಾನು ಹೊರಗೆ ಹೋದೆ.

"ಸರ್, ಆ ಖಾಲೀ ಜಾಗಾ ಎಷ್ಟೊತ್ತು ಇಟ್ಕೋಬೇಕ್ರಿ?"

ದನಿ ದಣಿದಿತ್ತು, ಮಾತು ಸ್ಪಷ್ಟವಾಗಿತ್ತು. "ಗುರುರಾಜ, ಅದನ್ನ ಆಕಿಗೆ ಬಿಡ್ರಿ."

ಅಷ್ಟೇ. ಫೋನ್ ಇಟ್ಟರು. ಒಳಗೆ ಬರುವಷ್ಟರಲ್ಲಿ — ಹೊಸಿಲು ದಾಟುವಷ್ಟರಲ್ಲಿ ಎಂದರೂ ಆದೀತು — ಆ ಮಾತಿನಿಂದ ಒಂದೇ ಒಂದು ಶಬ್ದ ಕಳೆದರೆ ಏನಾಗುತ್ತದೆ ಎಂಬುದು ನನಗೆ ಹೊಳೆಯಿತು. ಕಳೆದೆ.

"ಅದನ್ನ ಬಿಡ್ರಿ ಅಂದಾರ," ಎಂದೆ.

'ಆಕಿಗೆ' ಹೋಗಿಬಿಟ್ಟಿತ್ತು. ಅವರಿಗೆ ಒಪ್ಪಿಸಿ ಎಂದು ಹೇಳಿದ ಮಾತು ತೆಗೆದುಹಾಕಿ ಎಂದಾಯಿತು. ನಮ್ಮ ಕನ್ನಡದಲ್ಲಿ ಮಾತ್ರ ಮಾಡಬಹುದಾದ ಮೋಸವೇನೋ. ನಾನು ಸುಳ್ಳು ಹೇಳಿಲ್ಲ, ಹೇಳಿದ ಮೂರು ಶಬ್ದದಲ್ಲಿ ಎರಡನ್ನು ತಂದು ಮುಟ್ಟಿಸಿದ್ದೇನೆ ಎಂದು ಬಹಳ ವರ್ಷ ನನಗೆ ನಾನೇ ವಕೀಲಿ ಮಾಡಿಕೊಂಡೆ. ಸರಿಯಾಗಿ ಕೇಳಿಸದೇ ಇದ್ದೀತು ಎಂದೂ ವಾದ ಹೂಡಿದೆ. ಕೇಳಿಸಿತ್ತು. ಈಗಲೂ ಕೇಳಿಸುತ್ತದೆ.

ಸುಜಾತಾ ಕಮಾನು ಕೆಳಗಿಳಿಸಿದರು. "ಅಂದ್ರ? ಪೂರಾನ?"

"ಹೂಂ. ಪೂರಾ."

"ನಾ ಬಾರಿಸಿದ್ದು ಸರ್‌ಗೆ ಸೇರಲಿಲ್ಲೇನ್ರಿ, ಅಣ್ಣಾರ?"

ಇದು ತಿದ್ದಿಕೊಳ್ಳಲು ಸಿಕ್ಕ ಅವಕಾಶವಾಗಿತ್ತು. ಒಂದು ನಗು ನಕ್ಕು, ಅಯ್ಯ, ನಾ ತಪ್ಪು ಹೇಳಿದೆ, ನಿನಗೆ ಬಿಟ್ಟಾರ ಅಂತ, ಎಂದಿದ್ದರೆ ಮುಗಿಯುತ್ತಿತ್ತು. ನಾನು ಕಮಾನಿಗೆ ರಾಳ ಉಜ್ಜುತ್ತ ಕೂತೆ. ಅವರು ಫೋನ್ ಕೈಗೆತ್ತಿಕೊಂಡಾಗ ತಲೆ ಎತ್ತಿ, "ಅವರಿಗೆ ಆರಾಮಿಲ್ಲ, ತ್ರಾಸ ಕೊಡಬ್ಯಾಡ ನೀ," ಎಂದೆ. ಅವರು ಫೋನನ್ನು ಚೀಲದಲ್ಲಿಟ್ಟರು. ನಾನು ಹಿರಿಯ, ನನ್ನ ಮಾತು ಮೀರಲಿಲ್ಲ.

ಮಾರನೆಯ ದಿನ ಸರ್ ಬಂದರು. ಮಾತ್ರೆ ನುಂಗಿ, ಇಸ್ತ್ರಿ ಮಾಡಿದ ಹಳೆಯ ಕೋಟು ಹಾಕಿಕೊಂಡು, ಮೊದಲ ಸಾಲಿನಲ್ಲಿ ಕೂತು ಮಂಡಿಯ ಮೇಲೆ ಬೆರಳಿನಿಂದ ತಾಳ ಹಾಕುತ್ತಿದ್ದರು. ಆ ಜಾಗ ಬಂತು. ಮೂವರೂ ಸ್ವರ ಹಿಡಿದು ಬಿಟ್ಟೆವು, ಒಂದು ಉಸಿರಿನಷ್ಟು ಹೊತ್ತು ಮೌನ, ನಾನು ತಲೆಯಾಡಿಸಿದೆ, ಮುಂದಿನ ಭಾಗಕ್ಕೆ ಹಾರಿದೆವು. ಸರ್ ಅವರ ಬೆರಳು ನಿಂತಿತು. ಕೊನೆಯವರೆಗೂ ಮತ್ತೆ ಆಡಲಿಲ್ಲ. ನನಗೆ ಅದು ಕಾಣಿಸುತ್ತಿತ್ತು, ನಾನು ಬಾರಿಸುತ್ತಿದ್ದೆ, ಚೆನ್ನಾಗಿಯೇ ಬಾರಿಸುತ್ತಿದ್ದೆ.

ಮುಗಿದ ಮೇಲೆ ನನ್ನೊಬ್ಬನನ್ನೇ ಬದಿಗೆ ಕರೆದರು. "ಆಕಿ ಯಾಕ ಬಾರಿಸಲಿಲ್ಲ?"

"ಹೆದರಿದ್ಲು, ಸರ್," ಎಂದೆ. "ಕೊನೀ ಗಳಿಗ್ಯಾಗ ನನ್ನ ಕೈಲೆ ಆಗೂದಿಲ್ಲ ಅಂದ್ಲು."

ಮೊದಲನೆಯದರಲ್ಲಿ ಒಂದು ಶಬ್ದ ಕಳೆದಿದ್ದೆ. ಇದು ಪೂರ್ತಿ ನನ್ನದೇ ಸ್ವಂತ ರಚನೆ. ಸ್ಥಳದಲ್ಲೇ ಕಟ್ಟಿದ್ದು.

ಸರ್ ಕೋಟಿನ ಗುಂಡಿ ಬಿಚ್ಚಿಕೊಂಡರು. ಆಮೇಲೆ, "ಇರ್ಲಿ. ಹೆದರಿಕಿ ಯಾರಿಗೆ ಬರೂದಿಲ್ಲ? ಆಕೀ ಮುಂದ ಈ ಮಾತು ತಗೀಬ್ಯಾಡ್ರಿ, ಪಾಪ, ಮನಸಿಗೆ ಹಚ್ಕೊಂತಾಳ," ಎಂದರು. ಅವರೂ ಎಂದೂ ತೆಗೆಯಲಿಲ್ಲ. ಸೇರಲಿಲ್ಲವೇನೋ ಎಂಬ ಸಂಕೋಚದಲ್ಲಿ ಸುಜಾತಾ ಕೇಳಲಿಲ್ಲ. ನೋವಾದೀತು ಎಂಬ ಮರುಕದಲ್ಲಿ ಸರ್ ಹೇಳಲಿಲ್ಲ. ಒಬ್ಬರೇ ಒಳ್ಳೆಯವರಾಗಿದ್ದರೆ ನಾನು ಎಂದೋ ಸಿಕ್ಕಿಬೀಳುತ್ತಿದ್ದೆ. ಇಬ್ಬರೂ ಒಳ್ಳೆಯವರಾದದ್ದರಿಂದ ಬಚಾವಾದೆ.

ಮುಂದಿನದು ನಗುವಂಥದ್ದು, ನಕ್ಕರೆ ನನ್ನ ಮೇಲೆಯೇ ನಗಬೇಕು. ಆ ಧ್ವನಿಮುದ್ರಣ ಅಲ್ಲಿ ಇಲ್ಲಿ ಹರಿದಾಡಿ ಹೆಸರು ಮಾಡಿತು. ತಿಳಿದವರು ಆ ದಿಢೀರ್ ಮೌನವನ್ನೇ ಹೊಗಳಿದರು: ಎಂಥ ಧೈರ್ಯ, ತುಂಬಬೇಕಾದ ಕಡೆ ಖಾಲಿ ಬಿಟ್ಟಿದ್ದಾರೆ, ಇದೇ ಹೊಸ ಸಂಗೀತ ಎಂದರು. ನಾನೂ ಒಂದೆರಡು ಕಡೆ ಆ ಮೌನದ ಅರ್ಥ ವಿವರಿಸಿ ಭಾಷಣ ಮಾಡಿದೆ. ಶಾಲು ಹೊದಿಸಿಕೊಂಡೆ. ಮಂಜುನಾಥನೂ ಅಜಿತನೂ ಇಲ್ಲದ ಕಡೆ, ಆಪ್ತರ ನಡುವೆ ಮಾತ್ರ, "ಖರೇ ಹೇಳ್ಬೇಕಂದ್ರ ಆಕಿ ಹೆದರಿದ್ಲು," ಎಂದು ದನಿ ತಗ್ಗಿಸಿ ಹೇಳುತ್ತಿದ್ದೆ. ದನಿ ತಗ್ಗಿಸಿದ ಮಾತಿಗೆ ಓಡಾಟ ಹೆಚ್ಚು ಎಂಬುದು ಗೊತ್ತಿಲ್ಲದವನೇನಲ್ಲ ನಾನು.

ನಾಲ್ಕನೆಯ ಕ್ವಾರ್ಟೆಟ್ಟಿನಲ್ಲಿ ಸರ್ ಎರಡನೆಯ ವಯೊಲಿನ್ನಿಗೆ ಪ್ರತಿ ಸ್ವರವನ್ನೂ, ಕಮಾನು ಎಲ್ಲಿ ಮೇಲೆ ಎಲ್ಲಿ ಕೆಳಗೆ ಎಂಬುದನ್ನೂ ಬರೆದಿಟ್ಟಿದ್ದರು. ಹೆದರುವವಳಿಗೆ ಆಸರೆಯಾಗಲಿ ಎಂದು. ಸುಜಾತಾ ಅದನ್ನು ತಿರುವಿ ಹಾಕಿ ನೋಡಿದ ರೀತಿ ನನಗೆ ನೆನಪಿದೆ. ನಂಬಲಾಗದವಳಿಗೆ ಕಟ್ಟಿದ ಬೇಲಿ ಎಂದು ಓದಿಕೊಂಡರು. ಖಾಲಿ ಜಾಗ ಈ ಸಲ ನನಗೆ ಬಂದಿತ್ತು. ಬಾರಿಸಿದೆ, ಭೀಮಪಲಾಸ ಆಯಿತು. "ಛಲೋ ಆತು," ಎಂದರು ಸರ್. ಚಹಾ ಮಾಡಲು ಏಳಲಿಲ್ಲ. ಅದಾದ ಮೇಲೆ ಸುಜಾತಾ, ಶಾಲೆಯ ಕೆಲಸ ಹೆಚ್ಚಾಗಿದೆ ಎಂದು ಹೇಳಿ ಬರುವುದನ್ನು ನಿಲ್ಲಿಸಿದರು. ನಾವು ಯಾರೂ ಒತ್ತಾಯ ಮಾಡಲಿಲ್ಲ.

ಇದೆಲ್ಲ ಆಗಿ ಹತ್ತು ವರ್ಷದ ಮೇಲಾಯಿತು. ಸರ್ ತೀರಿಕೊಂಡದ್ದು ಹೋದ ವರ್ಷ. ಅವರ ನೆನಪಿನ ಸಭೆಗೆ ಸುಜಾತಾ ಬಂದಿದ್ದರು. ಯಾರೋ ಬಲವಂತ ಮಾಡಿ ಮೈಕಿನ ಮುಂದೆ ನಿಲ್ಲಿಸಿದರು. ಅವರು ಹೇಳಿದ್ದು ಇಷ್ಟೇ:

"ಸರ್ ನನಗ ಒಂದು ಉಪಕಾರ ಮಾಡಿದ್ರು. ನನ್ನ ಕೈಲೆ ಏನು ಆಗೂದಿಲ್ಲ ಅನ್ನೂದನ್ನ ಲಗೂನ ತಿಳಿಸಿದ್ರು. ಭಾಳ ಮಂದಿಗೆ ಅದನ್ನ ಯಾರೂ ಹೇಳೂದಿಲ್ಲ."

ಜನ ಅದನ್ನು ವಿನಯ ಎಂದುಕೊಂಡು ಚಪ್ಪಾಳೆ ತಟ್ಟಿದರು. ಎಲ್ಲರೊಡನೆ ನನ್ನ ಕೈಯೂ ತಟ್ಟಿತು. ಆ ಸಪ್ಪಳ ನನಗೆ ತಡೆಯಲಾಗಲಿಲ್ಲ — ಎದ್ದು ಹೊರಗೆ ಬಂದೆ.

ಆದರೂ ಅವರ ಮನೆಗೆ ಹೋಗಲು ಇಷ್ಟು ತಿಂಗಳು ಬೇಕಾದವು. ಕಳೆದ ವಾರ ಮಧ್ಯಾಹ್ನ ಬಸ್ಸು ಹಿಡಿದು ಬೈರಿದೇವರಕೊಪ್ಪಕ್ಕೆ ಹೋದೆ. ಮುಂದಿನ ಖೋಲಿಯಲ್ಲಿ ವಯೊಲಿನ್ ಕ್ಲಾಸು ನಡೆದಿತ್ತು. ಬಾಗಿಲಲ್ಲಿ ಚಪ್ಪಲಿ ಬಿಡುವಾಗಲೇ ಅವರ ದನಿ ಕೇಳಿಸಿತು: "ಪುಸ್ತಕದಾಗ ಇದ್ದಷ್ಟ ಬಾರಸ್ರಿ. ನಿಮ್ಮದು ಏನೂ ಸೇರಸಬ್ಯಾಡ್ರಿ." ಆ ಭಾನುವಾರ ಹಾಗೆ ಬಾರಿಸಿದ ಕೈ, ಈಗ ಇದನ್ನು ಕಲಿಸುತ್ತಿದೆ. ನಾನು ಹಾಳು ಮಾಡಿದ್ದು ಒಂದು ಸಂಜೆಯನ್ನಷ್ಟೇ ಅಲ್ಲ ಎಂದು ಚಪ್ಪಲಿ ಬಿಡುತ್ತ ತಿಳಿಯಿತು.

ಮಕ್ಕಳನ್ನು ಕಳಿಸಿ, ನೀರು ತಂದುಕೊಟ್ಟು, ಎದುರಿಗೆ ಕೂತರು. ನಾನು ನೀರು ಮುಟ್ಟದೆ ಹೇಳಿದೆ. "ಸುಜಾತಾ ಅವರ, ಸರ್ ಅವತ್ತ ಅದನ್ನ ಬಿಡ್ರಿ ಅಂದಿದ್ದಿಲ್ಲ. ಅದನ್ನ ಆಕಿಗೆ ಬಿಡ್ರಿ ಅಂದಿದ್ರು. ನಿಮ್ಮನ್ನ ನಾ ಆ ಮಾತಿನಿಂದ ತಗದೆ. ಬೇಕಂತ." ಎರಡನೆಯದನ್ನೂ ಹೇಳಿದೆ — ಸರ್ ಕೇಳಿದ್ದು, ನಾನು ಹೇಳಿದ್ದು, ಆಮೇಲೆ ಊರಿಗೆಲ್ಲ ಹೇಳಿದ್ದು. ಯಾಕೆ ಎಂದು ಹೇಳಲು ಬಾಯಿ ತೆರೆದೆ. ಅವರು ಕೈ ಅಡ್ಡ ಮಾಡಿದರು. ಅದು ಅವರಿಗೆ ಬೇಕಿರಲಿಲ್ಲ.

ಮಕ್ಕಳು ಬಿಟ್ಟುಹೋದ ಪುಸ್ತಕಗಳನ್ನು ಒಟ್ಟುಮಾಡಿ ಬದಿಗಿಟ್ಟರು. ಆಮೇಲೆ ಕೇಳಿದರು:

"ಹಂಗಾರ ಸರ್ ಸಾಯೂ ತನಕಾ ನನ್ನ ಬಗ್ಗೆ ಏನಂತ ತಿಳಕೊಂಡಿದ್ರು?"

ಈ ಪ್ರಶ್ನೆಗೆ ನಾನು ತಯಾರಾಗಿ ಬಂದಿರಲಿಲ್ಲ. ಅವರು ಬೈಯುತ್ತಾರೆ, ಅಳುತ್ತಾರೆ, ಹೊರಗೆ ಹಾಕುತ್ತಾರೆ — ಇವಕ್ಕೆಲ್ಲ ತಯಾರಿದ್ದೆ. "ನಿಮಗ ಧೈರ್ಯ ಇಲ್ಲ ಅಂತ," ಎಂದೆ. ನಾನು ಅವರಿಗೆ ಹೇಳಿದ ಮಾತುಗಳಲ್ಲಿ ಪೂರಾ ಖರೆಯಾದ ಮಾತು ಅದು. ಅದನ್ನು ಇನ್ನು ಯಾರೂ, ಎಲ್ಲಿಯೂ ಸರಿಮಾಡಲು ಆಗುವುದಿಲ್ಲ. ಸರ್ ಇಲ್ಲ.

ಸುಜಾತಾ ಅಳಲಿಲ್ಲ. "ನೀವು ಇದನ್ನ ನನಗ ಹೇಳಿದ್ರಿ," ಎಂದರು. "ಆದ್ರ ಆಕಿ ಹೆದರಿದ್ಲು ಅಂತ ನೀವು ಹೇಳಿದ್ದು ನನಗಲ್ಲಲ್ಲಾ. ಊರಿಗೆಲ್ಲಾ ಹೇಳೀರಿ. ಊರಿಗೆ ಹೇಳ್ರಿ."

ಹೇಳುತ್ತಿದ್ದೇನೆ. ಆ ಧ್ವನಿಮುದ್ರಣ ನಿಮ್ಮಲ್ಲಿದ್ದರೆ, ನಾವು ಮೂವರೂ ಸ್ವರ ಹಿಡಿದು ಬಿಡುವ ಆ ಜಾಗ ಬಂದಾಗ ಇಷ್ಟು ನೆನಪಿಡಿ: ಆ ಮೌನ ವಿಲ್ಸನ್ ಸರ್ ಅವರ ಕಲ್ಪನೆಯಲ್ಲ, ಸುಜಾತಾ ಅವರ ಹೆದರಿಕೆಯೂ ಅಲ್ಲ. ಅಲ್ಲಿ ಒಬ್ಬರು ಬಾರಿಸುವವರಿದ್ದರು. ಅವರು ಬಾರಿಸದಂತೆ ಮಾಡಿದವನ ಹೆಸರು ಗುರುರಾಜ, ಮಾಳಮಡ್ಡಿ. ಆ ಮೌನಕ್ಕೆಂದು ಹೊದಿಸಿದ ಶಾಲುಗಳನ್ನು ಹೊದಿಸಿದವರಿಗೆ ತಿರುಗಿ ಕಳಿಸುತ್ತಿದ್ದೇನೆ. ಇದರಿಂದ ಸುಜಾತಾ ಅವರಿಗೆ ಏನೂ ಸಿಗುವುದಿಲ್ಲ ಎಂಬುದೂ ನನಗೆ ಗೊತ್ತು.

ಅವತ್ತು ಏಳುವಾಗ, ರೂಢಿಯಂತೆ, "ಬರ್ತೇನಿ," ಎಂದೆ. ನಮ್ಮ ಕಡೆ ಈ ಮಾತಿಗೆ ಉತ್ತರ ಒಂದೇ. ಜಗಳಾಡಿ ಹೊರಟವರಿಗೂ, ಮತ್ತೆಂದೂ ಬರಬಾರದು ಎಂದು ಒಳಗೊಳಗೆ ಹರಕೆ ಹೊತ್ತವರಿಗೂ, 'ಹೋಗಿ ಬರ್ರಿ' ಎಂದೇ ಅನ್ನುತ್ತೇವೆ. ಸುಜಾತಾ ಬಾಗಿಲವರೆಗೆ ಬಂದರು. ಅಣ್ಣಾರ ಎನ್ನಲಿಲ್ಲ.

"ಹೋಗ್ರಿ," ಎಂದರು.